ದೇವರ ಅನುಭವ ಮತ್ತು ನಂಬಿಕೆಯ ನ್ಯಾಯ: ವಿಲಿಯಂ ಆಲ್‌ಸ್ಟನ್ ಚಿಂತನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ತತ್ತ್ವಶಾಸ್ತ್ರಜ್ಞ ವಿಲಿಯಂ ಆಲ್‌ಸ್ಟನ್ ಅವರ ‘ಪರ್ಸೀವಿಂಗ್ ಗಾಡ್’ ಗ್ರಂಥವನ್ನು ಬಸವನಗುಡಿಯ ನಮ್ಮ ಓದುಕೂಟ ಓದುತ್ತಿರುವಾಗ ಮತ್ತೆ ಮತ್ತೆ ಎದ್ದ ಪ್ರಶ್ನೆಗಳಿವು. ಕೂಟದಲ್ಲಿ ನಿವೃತ್ತ ಎಂಜಿನಿಯರರು, ವೇದಾಂತ ಓದಿಕೊಂಡವರು, ಭಾನುವಾರ ಚರ್ಚಿಗೆ ಹೋಗುವವರು, ದೇವರನ್ನೇ ಒಪ್ಪದವರು ಎಲ್ಲರೂ ಇರುವುದರಿಂದ ಪ್ರಶ್ನೆಗಳು ಒಂದೇ ದಿಕ್ಕಿನಿಂದ ಬಂದಿಲ್ಲ. ಉತ್ತರಗಳಲ್ಲಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ಸೇರಿದೆ. ಅದು ಆಲ್‌ಸ್ಟನ್ ಅವರ ಮಾತಿನೊಂದಿಗೆ ಬೆರೆತುಹೋಗದಂತೆ ನೋಡಿಕೊಂಡಿದ್ದೇನೆ.

ಆಲ್‌ಸ್ಟನ್ ಯಾರು?

1921ರಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ ಹುಟ್ಟಿದ ವಿಲಿಯಂ ಪೇನ್ ಆಲ್‌ಸ್ಟನ್ ಮೊದಲು ಓದಿದ್ದು ಸಂಗೀತವನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಬ್ಯಾಂಡಿನಲ್ಲಿದ್ದಾಗ ತತ್ತ್ವಶಾಸ್ತ್ರದ ಗೀಳು ಹತ್ತಿ, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರಜ್ಞ ವೈಟ್‌ಹೆಡ್ ಕುರಿತು ಸಂಶೋಧನೆ ಮಾಡಿ 1951ರಲ್ಲಿ ಡಾಕ್ಟರೇಟ್ ಪಡೆದರು. ಮಿಷಿಗನ್, ರಟ್ಗರ್ಸ್, ಇಲಿನಾಯ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ, 1980ರಿಂದ ಸಿರಕ್ಯೂಸ್‌ನಲ್ಲಿ ನೆಲೆಸಿ, 2009ರಲ್ಲಿ ತೀರಿಕೊಂಡರು. ಭಾಷೆಯ ತತ್ತ್ವಶಾಸ್ತ್ರ ಮತ್ತು ಜ್ಞಾನಮೀಮಾಂಸೆ (ಏನನ್ನು ಯಾವ ಆಧಾರದ ಮೇಲೆ ತಿಳಿಯುತ್ತೇವೆಂಬ ವಿಚಾರ) ಇವುಗಳಲ್ಲಿ ಹೆಸರಾದ ಮೇಲೆಯೇ ಅವರು ಧರ್ಮದ ಪ್ರಶ್ನೆಗಳಿಗೆ ಪೂರ್ಣವಾಗಿ ಕೈಹಾಕಿದ್ದು. 1978ರಲ್ಲಿ ಕ್ರೈಸ್ತ ತತ್ತ್ವಶಾಸ್ತ್ರಜ್ಞರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾಗಿ ಅದರ ಮೊದಲ ಅಧ್ಯಕ್ಷರೂ ಆಗಿದ್ದರು. ನಡುವೆ ಬಹುಕಾಲ ಚರ್ಚಿನಿಂದ ದೂರವಿದ್ದು, ನಡುವಯಸ್ಸು ದಾಟಿದ ಮೇಲೆ ಮರಳಿದವರು ಎಂಬುದನ್ನು ನೆನಪಿಟ್ಟುಕೊಂಡರೆ ಅವರ ಬರಹದ ಎಚ್ಚರದ ಧಾಟಿ ಅರ್ಥವಾಗುತ್ತದೆ.

ಅವರ ಮುಖ್ಯ ವಾದವನ್ನು ಸರಳವಾಗಿ ಹೇಳಬಹುದೇ?

ಹೇಳಬಹುದು. ಎದುರಿಗೆ ಮರವಿದೆ ಎಂದು ನಾವು ನಂಬುವುದು ಮರ ನಮಗೆ ತೋರುತ್ತಿರುವುದರಿಂದ. ಅದನ್ನು ಬೇರಾವುದರಿಂದಲೋ ಊಹಿಸಿ ನಂಬುವುದಿಲ್ಲ. ಅದೇ ರೀತಿ ದೇವರು ತನಗೆ ಎದುರಾದ, ತನ್ನನ್ನು ಸಂತೈಸಿದ, ಗದರಿದ, ಬಲ ಕೊಟ್ಟ ಎಂದು ಹೇಳುವವರ ನಂಬಿಕೆಯೂ ಆ ತೋರಿಕೆಯ ಮೇಲೆಯೇ ನಿಂತಿದೆ. ಮೊದಲನೆಯದನ್ನು ಬೇರೆ ಪುರಾವೆ ಕೇಳದೆ ಒಪ್ಪುವ ನಾವು, ಎರಡನೆಯದಕ್ಕೆ ಮಾತ್ರ ಪುರಾವೆ ತಂದ ಮೇಲೆ ಮಾತಾಡು ಎನ್ನುವುದು ಎರಡು ಬಗೆಯ ನ್ಯಾಯವಾಗುತ್ತದೆ. ವಿರುದ್ಧವಾಗಿ ಬಲವಾದ ಕಾರಣವೊಂದು ಎದುರಾಗುವವರೆಗೆ ಎರಡೂ ನಂಬಿಕೆಗಳು ಸಮರ್ಥನೀಯವೆಂದು ಅವರ ವಾದ.

ಈ ಒಂದು ಪುಟ್ಟ ಹೇಳಿಕೆಯನ್ನು ಆಕ್ಷೇಪಗಳಿಂದ ಕಾಪಾಡುವುದಕ್ಕೆ 1991ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ ಆ ಗ್ರಂಥ ಪೂರ್ತಿ ಬೇಕಾಯಿತು.

ಹಾಗಾದರೆ ದೇವರಿದ್ದಾನೆ ಎಂಬುದಕ್ಕೆ ಇದು ಪುರಾವೆಯೇ?

ಅಲ್ಲ. ಕೂಟದಲ್ಲಿ ಅತಿ ಹೆಚ್ಚು ಸಲ ತಿದ್ದಬೇಕಾಗಿ ಬಂದ ತಪ್ಪು ಗ್ರಹಿಕೆ ಇದೇ. ‘ಇಷ್ಟು ಜನರಿಗೆ ಅನುಭವವಾಗಿದೆ, ಆದ್ದರಿಂದ ದೇವರಿರಲೇಬೇಕು’ ಎಂಬ ವಾದವನ್ನು ಆಲ್‌ಸ್ಟನ್ ಮುಂದಿಡುವುದಿಲ್ಲ. ಅನುಭವವಾದವನು ತನ್ನ ನಂಬಿಕೆಯನ್ನು ಇಟ್ಟುಕೊಳ್ಳುವುದು ವಿವೇಕಕ್ಕೆ ವಿರುದ್ಧವೇ ಎಂಬುದಷ್ಟೇ ಅವರ ಪ್ರಶ್ನೆ. ನಂಬುವುದು ಸಮರ್ಥನೀಯವಾಗಿದ್ದರೂ ನಂಬಿದ್ದು ಸುಳ್ಳಾಗಿರಬಹುದೆಂಬುದನ್ನು ಅವರು ಎಲ್ಲಿಯೂ ಮುಚ್ಚಿಡುವುದಿಲ್ಲ.

‘ಕಾಣುವುದು’ ಎಂದರೆ ಕಣ್ಣಿನಿಂದ ನೋಡುವುದೇ?

ಇಲ್ಲಿ ಹತ್ತಿರದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗವಿ ಗಂಗಾಧರೇಶ್ವರ ಗುಹಾಲಯದಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಶಿವಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಸೇರಿದವರಲ್ಲಿ ಒಬ್ಬರು ಶಿಲ್ಪಿಗಳ ಲೆಕ್ಕಾಚಾರಕ್ಕೆ ತಲೆದೂಗುತ್ತಾರೆ. ಇನ್ನೊಬ್ಬರು ಕಲ್ಲಿನ ಮೇಲೆ ಬಿದ್ದ ಬೆಳಕಿನಲ್ಲಿ ಶಿವನ ಸಾನ್ನಿಧ್ಯವನ್ನು ಕಂಡು ಕೈಮುಗಿಯುತ್ತಾರೆ. ಮತ್ತೊಬ್ಬರು ಕಣ್ಣು ಮುಚ್ಚಿ ನಿಂತು, ಬೆಳಕನ್ನೂ ಲಿಂಗವನ್ನೂ ನೋಡದೆಯೇ, ಶಿವ ತನ್ನೆದುರು ಇದ್ದಾನೆಂದು ನೇರವಾಗಿ ಅರಿತೆನೆನ್ನುತ್ತಾರೆ. ಮೊದಲನೆಯವರದು ಬರಿಯ ಇಂದ್ರಿಯ ಪ್ರತ್ಯಕ್ಷ. ಎರಡನೆಯವರದು ಒಂದು ವಸ್ತುವಿನ ಮೂಲಕ ದೇವರನ್ನು ಕಂಡದ್ದು. ಮೂರನೆಯವರದು ನಡುವೆ ಯಾವ ವಸ್ತುವೂ ಇಲ್ಲದೆ ಕಂಡದ್ದು, ಮತ್ತು ಅದರಲ್ಲಿ ಬಣ್ಣ, ಆಕಾರ, ಶಬ್ದಗಳೂ ಇಲ್ಲ.

ಆಲ್‌ಸ್ಟನ್ ತಮ್ಮ ವಾದವನ್ನು ಕಟ್ಟುವುದು ಹೆಚ್ಚಾಗಿ ಈ ಮೂರನೆಯ ಬಗೆಯ ಮೇಲೆ. ಅವರ ದೃಷ್ಟಿಯಲ್ಲಿ ಪ್ರತ್ಯಕ್ಷದ ತಿರುಳು ಕಣ್ಣು, ಕಿವಿಗಳಲ್ಲಿಲ್ಲ. ಒಂದು ವಸ್ತು ಒಬ್ಬನ ಅರಿವಿಗೆ ಇಂಥದ್ದೆಂದು ತೋರುವುದರಲ್ಲಿದೆ. ಹಾಗೆ ತೋರುವುದಕ್ಕೆ ಐದು ಇಂದ್ರಿಯಗಳೇ ಬಾಗಿಲಾಗಿರಬೇಕೆಂಬ ನಿಯಮವನ್ನು ಯಾರು ಹಾಕಿದರೆಂದು ಅವರು ಕೇಳುತ್ತಾರೆ. ರಿಚರ್ಡ್ ಗೇಲ್ ಎಂಬ ವಿಮರ್ಶಕರು ಇದನ್ನು ಒಪ್ಪಲಿಲ್ಲ: ಇಂಥ ಜಾಗದಲ್ಲಿದೆಯೆಂದು ಹೇಳಲಾಗದ ವಸ್ತುವನ್ನು ಇಬ್ಬರು ಕಂಡಾಗ ಅದು ಒಂದೇ ವಸ್ತುವೆಂದು ಹೇಳುವುದು ಹೇಗೆ ಎಂಬುದು ಅವರ ಆಕ್ಷೇಪದ ಸಾರ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಒಂದು ಜಾಗದಲ್ಲಿ ನೆಲೆಯುಳ್ಳದ್ದನ್ನು ಮಾತ್ರ ಕಾಣಬಹುದೆಂದು ಮೊದಲೇ ಇಟ್ಟುಕೊಂಡರೆ ದೇವರ ವಿಷಯದಲ್ಲಿ ತೀರ್ಪು ವಿಚಾರಣೆಗೆ ಮೊದಲೇ ಆಗಿಹೋದಂತೆ ನನಗೆ ಕಾಣುತ್ತದೆ.

ಹತ್ತು ದಿನದ ಧ್ಯಾನ ಶಿಬಿರದಲ್ಲಿ ನನಗೆ ಅಪಾರ ಶಾಂತಿ ದೊರೆಯಿತು. ಅದು ಈ ಲೆಕ್ಕಕ್ಕೆ ಬರುತ್ತದೆಯೇ?

ಬಹುಶಃ ಬರುವುದಿಲ್ಲ. ಶಾಂತಿ, ಹಗುರವಾದ ಭಾವ, ಕಣ್ಣೀರು ಇವೆಲ್ಲ ಅನುಭವಿಸಿದವರ ಸ್ಥಿತಿಗಳು. ದೇವರೆಂಬ ಇನ್ನೊಂದು ವಸ್ತು ತೋರಿತೆಂದು ಅವು ತಾವಾಗಿ ಹೇಳುವುದಿಲ್ಲ. ‘ಇಂಥವನು ನನಗೆ ಹೀಗೆ ತೋರಿದ’ ಎಂಬ ಅಂಶ ಅನುಭವದಲ್ಲಿಯೇ ಇದ್ದರೆ ಮಾತ್ರ ಆಲ್‌ಸ್ಟನ್ ಅವರ ವಾದ ಅನ್ವಯಿಸುತ್ತದೆ. ಇದರಿಂದ ಶಿಬಿರದ ಅನುಭವದ ಬೆಲೆ ಕಡಿಮೆಯಾಗುವುದಿಲ್ಲ. ಅದು ಬೇರೆ ಪ್ರಶ್ನೆ.

ಕಣ್ಣನ್ನು ಪರೀಕ್ಷಿಸಬಹುದು, ದೇವರ ಅನುಭವವನ್ನು ಪರೀಕ್ಷಿಸಲಾಗದು. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಸರಿಯೇ?

ಗ್ರಂಥದ ಅತ್ಯಂತ ಗಟ್ಟಿಯಾದ ಭಾಗ ಈ ಪ್ರಶ್ನೆಗೆ ಮೀಸಲಾಗಿದೆ. ಕಣ್ಣು ನಂಬಿಕೆಗೆ ಅರ್ಹವೆಂದು ತೋರಿಸುವುದು ಹೇಗೆ? ಕಣ್ಣಿಗೆ ಕಂಡದ್ದನ್ನು ಮುಟ್ಟಿ ನೋಡುತ್ತೇವೆ, ಪಕ್ಕದವರನ್ನು ಕೇಳುತ್ತೇವೆ, ಅಳತೆಯ ಉಪಕರಣ ತರುತ್ತೇವೆ, ನಾಳೆ ಹೀಗಾಗುತ್ತದೆಂದು ಮುಂಗಂಡು ಹಾಗೆಯೇ ಆದದ್ದನ್ನು ಗಮನಿಸುತ್ತೇವೆ. ಆದರೆ ಮುಟ್ಟುವುದೂ ಇಂದ್ರಿಯವೇ. ಪಕ್ಕದವರ ಉತ್ತರ ನಮಗೆ ತಲುಪುವುದು ಕಿವಿಯಿಂದ. ಉಪಕರಣದ ಮುಳ್ಳನ್ನು ಓದುವುದು ಕಣ್ಣಿನಿಂದ. ಹೇಳಿದಂತೆ ಆಯಿತೆಂಬುದು ಗೊತ್ತಾಗುವುದೂ ನೋಡಿಯೇ. ಅಂಗಡಿಯವನು ತನ್ನ ತಕ್ಕಡಿ ಸರಿಯಿದೆಯೆಂದು ತೋರಿಸಲು ತನ್ನದೇ ತೂಕದ ಬಟ್ಟುಗಳನ್ನು ಅದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ ಈ ಪರೀಕ್ಷೆ. ಇಂದ್ರಿಯಗಳ ವಿಶ್ವಾಸಾರ್ಹತೆಯನ್ನು ಸಾಧಿಸಲು ತತ್ತ್ವಶಾಸ್ತ್ರಜ್ಞರು ಮುಂದಿಟ್ಟ ಪ್ರಮುಖ ವಾದಗಳನ್ನು ಆಲ್‌ಸ್ಟನ್ ಒಂದೊಂದಾಗಿ ಬಿಚ್ಚಿ, ದಡ ಮುಟ್ಟುವ ಭರವಸೆ ಕೊಡುವವು ಎಲ್ಲೋ ಒಂದು ಕಡೆ ಇಂದ್ರಿಯಗಳನ್ನೇ ನಂಬಿ ಮುಂದೆ ಹೋಗುತ್ತವೆಂದು ತೋರಿಸುತ್ತಾರೆ. ನಮ್ಮ ತರ್ಕಶಾಸ್ತ್ರ ಓದಿದವರಿಗೆ ಇದು ಆತ್ಮಾಶ್ರಯ (ತನಗೆ ತಾನೇ ಆಧಾರವಾಗುವುದು), ಚಕ್ರಕ (ಸುತ್ತಿ ಹೊರಟಲ್ಲಿಗೇ ಬರುವುದು) ಎಂಬ ದೋಷಗಳ ಜಾತಿಯದೆಂದು ಕೂಡಲೇ ಹೊಳೆಯುತ್ತದೆ. 1993ರಲ್ಲಿ ಇದೊಂದೇ ವಿಷಯವನ್ನು ಕುರಿತು ಅವರು ಪ್ರತ್ಯೇಕ ಪುಸ್ತಕವನ್ನೂ ಹೊರತಂದರು.

ಹಾಗೆಂದು ಕಣ್ಣನ್ನು ನಂಬಬೇಡಿ ಎನ್ನುತ್ತಾರೆಯೇ? ಇಲ್ಲ. 18ನೆಯ ಶತಮಾನದ ಸ್ಕಾಟ್ಲೆಂಡಿನ ತತ್ತ್ವಶಾಸ್ತ್ರಜ್ಞ ಥಾಮಸ್ ರೀಡ್ ಅವರ ಹಾದಿ ಹಿಡಿದು, ನೆನಪು, ಇಂದ್ರಿಯ, ತರ್ಕ ಇವುಗಳಲ್ಲಿ ಯಾವುದನ್ನೂ ಹೊರಗಿನಿಂದ ಪ್ರಮಾಣೀಕರಿಸಲು ಬಾರದಿರುವಾಗ, ಸಮಾಜದಲ್ಲಿ ಬೇರೂರಿದ ಇಂಥ ಪರಿಪಾಠಗಳನ್ನು, ಅಂದರೆ ನಂಬಿಕೆಗಳನ್ನು ರೂಪಿಸಿಕೊಳ್ಳುವ ರೂಢಿಗಳನ್ನು, ಬಿಡಲು ಕಾರಣ ಸಿಗುವವರೆಗೆ ಬಳಸುತ್ತ ಹೋಗುವುದೇ ವಿವೇಕ ಎನ್ನುತ್ತಾರೆ. ಒಂದು ಪರಿಪಾಠವನ್ನು ಬಳಸುತ್ತಲೇ ‘ಇದು ನಂಬಿಕೆಗೆ ಅರ್ಹವಲ್ಲ’ ಎನ್ನುವುದು ತನ್ನ ನಡೆಯನ್ನು ತಾನೇ ಅಲ್ಲಗಳೆದಂತೆ ಎಂಬುದೂ ಅವರ ಮಾತಿನೊಳಗಿದೆ. ಇಂದ್ರಿಯಗಳಿಗೆ ಈ ರಿಯಾಯಿತಿ ಕೊಟ್ಟವರು, ಶತಮಾನಗಳಿಂದ ನಡೆದುಬಂದ ಧಾರ್ಮಿಕ ಅನುಭವದ ಪರಿಪಾಠಕ್ಕೆ ಅದನ್ನು ನಿರಾಕರಿಸಬೇಕಾದರೆ ಕಾರಣ ಹೇಳಬೇಕು. ‘ಅದು ಕಣ್ಣಿನ ಹಾಗಿಲ್ಲ’ ಎಂಬುದು ಕಾರಣವಾಗದು; ಹಾಗೆ ಹೇಳುವುದನ್ನು ಅವರು ಒಂದು ಪರಿಪಾಠದ ಕಾನೂನನ್ನು ಇನ್ನೊಂದರ ಮೇಲೆ ಹೇರುವ ಸಾಮ್ರಾಜ್ಯಶಾಹಿ ಎಂದು ಕರೆದಿದ್ದಾರೆ.

ಹಾಗಿದ್ದರೆ ಯಾರು ಏನು ಹೇಳಿದರೂ ಒಪ್ಪಬೇಕೆ? ದೇವರು ಕನಸಿನಲ್ಲಿ ಬಂದು ಹೇಳಿದ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ.

ಒಪ್ಪಬೇಕಾಗಿಲ್ಲ. ಪರಿಪಾಠವೆಂದು ಕರೆಸಿಕೊಳ್ಳಬೇಕಾದರೆ ಅದರೊಳಗೇ ಬಾಧಕಗಳ ಒಂದು ವ್ಯವಸ್ಥೆ ಇರಬೇಕು. ಅಂದರೆ ಯಾವ ಹೇಳಿಕೆಯನ್ನು ಯಾವ ಕಾರಣಕ್ಕೆ ತಳ್ಳಿಹಾಕಬೇಕೆಂಬ ತಿಳಿವಳಿಕೆ ಅಲ್ಲಿ ಕೆಲಸ ಮಾಡುತ್ತಿರಬೇಕು. 16ನೆಯ ಶತಮಾನದ ಸ್ಪೇನಿನ ಸಂತ ತೆರೇಸಾ ತಮ್ಮ ದರ್ಶನಗಳನ್ನು ತಾವೇ ಸುಲಭವಾಗಿ ನಂಬಿದವರಲ್ಲ. ಅದು ದೇವರಿಂದ ಬಂದದ್ದೋ, ಮನಸ್ಸಿನ ಕಲ್ಪನೆಯೋ, ಸೈತಾನನ ಆಟವೋ ಎಂದು ಅವರೂ ಅವರ ಗುರುಗಳೂ ಪರೀಕ್ಷಿಸುತ್ತಿದ್ದರು. ಅನುಭವದ ಬಳಿಕ ವಿನಯ ಹೆಚ್ಚಿತೇ, ನಡತೆ ತಿದ್ದಿತೇ, ಧರ್ಮಗ್ರಂಥಕ್ಕೆ ಹೊಂದಿತೇ ಎಂಬುದು ಒರೆಗಲ್ಲಾಗಿತ್ತು.

ಕನ್ನಡಿಗರಿಗೆ ಇದರ ಇನ್ನೂ ತೀಕ್ಷ್ಣವಾದ ಚಿತ್ರ ಶೂನ್ಯಸಂಪಾದನೆಯಲ್ಲಿ ಸಿಗುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಶರಣರೆಲ್ಲರ ಎದುರು ಪ್ರಶ್ನೆಗಳಿಂದ ಒರೆಗೆ ಹಚ್ಚುತ್ತಾನೆ. ಉಡುಗೆಯನ್ನೇ ತೊರೆದವಳಿಗೆ ಕೂದಲಿನಿಂದ ಮೈ ಮರೆಮಾಡಿಕೊಳ್ಳುವ ಹಂಗೇಕೆ ಎಂಬಂಥ ಪ್ರಶ್ನೆಯನ್ನೂ ಅವನು ಬಿಡುವುದಿಲ್ಲ. ಅವಳು ತಡಬಡಾಯಿಸದೆ ಕೊಟ್ಟ ಉತ್ತರಗಳಿಂದಲೇ ಅವಳ ನಿಲುವನ್ನು ಸಭೆ ಒಪ್ಪುತ್ತದೆ. ಅನುಭಾವಿಯ ಮಾತೆಂದರೆ ಪ್ರಶ್ನೆಗೆ ಹೊರತಾದದ್ದು ಎಂಬ ಈ ಕಾಲದ ಭಾವನೆ ಆ ಸಭೆಯಲ್ಲಿದ್ದವರಿಗೆ ಇರಲಿಲ್ಲ. ಕನಸಿನಲ್ಲಿ ದೇವರು ಬಂದು ಪಕ್ಕದ ಸೈಟು ತನ್ನದೆಂದು ಹೇಳಿದನೆನ್ನುವವರು ಇಂಥ ಒಂದು ಪರೀಕ್ಷೆಯಲ್ಲಿಯೂ ಉಳಿಯುವುದಿಲ್ಲ.

ಜ್ಯೋತಿಷ್ಯವೂ ತಲೆತಲಾಂತರದಿಂದ ಬಂದ ಪರಿಪಾಠವೇ. ಅದಕ್ಕೂ ಇದೇ ಮಾನ್ಯತೆ ಕೊಡಬೇಕಲ್ಲವೇ?

ಬಹಳ ಒಳ್ಳೆಯ ಪ್ರಶ್ನೆ; ಬೆಂಗಳೂರಿನಲ್ಲಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೂ ಹೌದು. ಬೇರೂರಿದ್ದರೆ ಸಾಲದು. ಪರಿಪಾಠದಿಂದ ಹುಟ್ಟುವ ನಂಬಿಕೆಗಳು ತಮ್ಮತಮ್ಮಲ್ಲೇ ವಿಪರೀತವಾಗಿ ಹೊಡೆದಾಡಬಾರದು, ಮತ್ತು ಅದಕ್ಕಿಂತ ಆಳವಾಗಿ ಬೇರುಬಿಟ್ಟ ಪರಿಪಾಠಗಳ ಫಲಗಳೊಂದಿಗೆ ಪದೇ ಪದೇ ಘರ್ಷಿಸಬಾರದು ಎಂಬ ಷರತ್ತುಗಳನ್ನೂ ಆಲ್‌ಸ್ಟನ್ ಹಾಕಿದ್ದಾರೆ. ಇಂಥ ತಿಂಗಳು ಮದುವೆಯಾಗುತ್ತದೆ, ಇಂಥ ವರ್ಷ ಕೆಲಸ ಸಿಗುತ್ತದೆ ಎಂದು ಜ್ಯೋತಿಷಿ ಹೇಳುವುದು ಕಣ್ಣಿಗೆ ಕಾಣುವ ಲೋಕದ ಬಗ್ಗೆ. ಆದ್ದರಿಂದ ಅದು ನಿಜವಾಯಿತೋ ಇಲ್ಲವೋ ಎಂಬುದನ್ನು ಕ್ಯಾಲೆಂಡರ್ ನೋಡಿ ಹೇಳಬಹುದು, ಮತ್ತು ಆ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಆದರೆ ಸೋಲದಂತೆ ನುಣುಚಿಕೊಳ್ಳುವಷ್ಟು ಮಸುಕಾಗಿ ಮಾತಾಡುವ ಪರಿಪಾಠಕ್ಕೆ ಈ ಷರತ್ತುಗಳು ತಟ್ಟುವುದಿಲ್ಲವಲ್ಲ ಎಂದು ಕೂಟದ ಸದಸ್ಯೆಯೊಬ್ಬರು ಕೇಳಿದರು. ಅದಕ್ಕೆ ಗ್ರಂಥದಲ್ಲಿ ತೃಪ್ತಿಕರ ಉತ್ತರ ನನಗೆ ಸಿಕ್ಕಿಲ್ಲ.

ಎಚ್. ನರಸಿಂಹಯ್ಯನವರಂಥ ವಿಚಾರವಾದಿಗಳು ಇದನ್ನು ಒಪ್ಪುತ್ತಿದ್ದರೇ?

ಅವರ ಪರವಾಗಿ ಉತ್ತರಿಸುವ ಅಧಿಕಾರ ನನಗಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ರಚಿಸಿದ ಸಮಿತಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಎತ್ತಿಕೊಂಡಿತ್ತು ಎಂಬುದನ್ನು ಮಾತ್ರ ಗಮನಿಸಬೇಕು. ಶೂನ್ಯದಿಂದ ಬೂದಿಯನ್ನೋ ಉಂಗುರವನ್ನೋ ತರುತ್ತೇನೆನ್ನುವುದು ಭೌತಿಕ ಲೋಕದ ಹೇಳಿಕೆ. ಅದನ್ನು ಭೌತಿಕವಾಗಿಯೇ ಪರೀಕ್ಷಿಸಬೇಕು, ಮತ್ತು ಇದರಲ್ಲಿ ಆಲ್‌ಸ್ಟನ್ ಅವರಿಗೂ ತಕರಾರಿರಲು ಕಾರಣವಿಲ್ಲ. ಅವರ ಗ್ರಂಥದ ಕೇಂದ್ರದಲ್ಲಿರುವುದು ಪವಾಡವಲ್ಲ. ಪ್ರಾರ್ಥನೆಯಲ್ಲಿ ಕೂತವನಿಗೆ ದೇವರ ಒಳ್ಳೆಯತನ ತೋರಿತೆಂಬಂಥ, ಬೂದಿ ಉದುರದ, ಗದ್ದಲವಿಲ್ಲದ ಹೇಳಿಕೆ.

ಇದೆಲ್ಲ ಮಿದುಳಿನ ಆಟವೆಂದು ವಿಜ್ಞಾನ ತೋರಿಸಿಲ್ಲವೇ?

ನಿಮ್ಹಾನ್ಸ್ ಇರುವ ಊರಿನಲ್ಲಿ ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ಆಲ್‌ಸ್ಟನ್ ಅವರ ಉತ್ತರ ಚಿಕ್ಕದು: ಮರ ಕಾಣುವಾಗಲೂ ಮಿದುಳಿನಲ್ಲಿ ಏನೋ ನಡೆಯುತ್ತಿರುತ್ತದೆ, ಮತ್ತು ಕಾಣುವಿಕೆಗೆ ಅತಿ ಸಮೀಪದ ಕಾರಣ ಅದೇ, ಅಷ್ಟರಿಂದ ಮರವಿಲ್ಲವೆಂದಾಗುವುದಿಲ್ಲ. ಸಮೀಪದ ಕಾರಣದ ಹಿಂದೆ ದೇವರಿರಬಹುದು, ಇಲ್ಲದಿರಬಹುದು. ಮಿದುಳಿನ ವಿವರಣೆಯೊಂದೇ ಅದನ್ನು ತೀರ್ಮಾನಿಸಲಾರದು. ಅಪಸ್ಮಾರದಂಥ ಕಾಯಿಲೆ ಒಬ್ಬನ ಅನುಭವಕ್ಕೆ ಕಾರಣವೆಂದು ವೈದ್ಯರು ತೋರಿಸಿದರೆ ಅದು ಆ ಒಬ್ಬನ ನಂಬಿಕೆಗೆ ಬಾಧಕವಾಗಬಹುದು. ಪರಿಪಾಠವನ್ನೆಲ್ಲ ಅದರಿಂದ ಅಳಿಸಲಾಗದು. ಇದರಲ್ಲಿ ನ್ಯಾಯವಿದೆ. ಆದರೂ ಮರದ ವಿಷಯದಲ್ಲಿ ಮರದಿಂದ ಮಿದುಳಿನವರೆಗಿನ ದಾರಿಯನ್ನು ನಾವು ಹೆಜ್ಜೆ ಹೆಜ್ಜೆಯಾಗಿ ವಿವರಿಸಬಲ್ಲೆವು, ದೇವರ ವಿಷಯದಲ್ಲಿ ಆ ದಾರಿಯ ಒಂದು ಹೆಜ್ಜೆಯೂ ಗೊತ್ತಿಲ್ಲ ಎಂಬ ವ್ಯತ್ಯಾಸ ಉಳಿದೇ ಉಳಿಯುತ್ತದೆ.

ದೇವರು ಕಾಣುವುದಾದರೆ ಎಲ್ಲರಿಗೂ ಏಕೆ ಕಾಣುವುದಿಲ್ಲ?

ಕೆಲವರಿಗೆ ಮಾತ್ರ ಬರುವ ಅರಿವು ಸುಳ್ಳೆಂದು ಹೇಳುವುದಾದರೆ ಉನ್ನತ ಭೌತಶಾಸ್ತ್ರವನ್ನೂ ಬಿಡಬೇಕಾಗುತ್ತದೆ ಎಂಬುದು ಆಲ್‌ಸ್ಟನ್ ಅವರ ಮೊದಲ ಉತ್ತರ. ಅನುಭವದ ವಸ್ತು ಕಲ್ಲಲ್ಲ, ತನ್ನಿಚ್ಛೆಯಂತೆ ತೋರುವ ಅಥವಾ ತೋರದಿರುವ ಚೇತನವಾದ್ದರಿಂದ, ಬೇಕೆಂದಾಗ ಮರುಪರೀಕ್ಷೆಗೆ ಸಿಗುವುದನ್ನು ಅದರಿಂದ ನಿರೀಕ್ಷಿಸಲಾಗದೆಂಬುದು ಎರಡನೆಯದು. ಎವನ್ ಫೇಲ್ಸ್ ಎಂಬ ವಿಮರ್ಶಕರು ಎರಡನೆಯದನ್ನು ಬಿಗಿಯಾಗಿ ಹಿಡಿದರು: ಅಡ್ಡಪರೀಕ್ಷೆಗೆ ಅವಕಾಶವೇ ಇಲ್ಲದಿದ್ದಲ್ಲಿ, ಇಲ್ಲದಿರುವುದಕ್ಕೆ ಕಾರಣ ಎಷ್ಟೇ ಸೊಗಸಾಗಿದ್ದರೂ, ಅದನ್ನು ಪ್ರತ್ಯಕ್ಷವೆನ್ನುವ ಹಕ್ಕು ಹೋಗುತ್ತದೆ. ಈ ಒಂದು ಸುತ್ತಿನಲ್ಲಿ ಫೇಲ್ಸ್ ಅವರ ಕೈ ಮೇಲಾಗಿದೆಯೆಂಬುದು ನನ್ನ ಎಣಿಕೆ.

ನಮ್ಮ ದರ್ಶನಗಳಲ್ಲಿ ಇದೆಲ್ಲ ಮೊದಲೇ ಇರಲಿಲ್ಲವೇ?

ಇದ್ದದ್ದು ಇದೆ, ಇಲ್ಲದ್ದೂ ಇದೆ. ‘ಎಲ್ಲವೂ ನಮ್ಮಲ್ಲಿತ್ತು’ ಎಂದು ಕೈತೊಳೆದುಕೊಂಡರೆ ಸ್ವಾರಸ್ಯ ತಪ್ಪಿಹೋಗುತ್ತದೆ. ಜ್ಞಾನಕ್ಕೆ ಪ್ರಾಮಾಣ್ಯ, ಅಂದರೆ ನಂಬಲರ್ಹತೆ, ತಾನಾಗಿಯೇ ಬರುತ್ತದೆಂದು ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರೂ, ಹೊರಗಿನಿಂದ ಪರೀಕ್ಷಿಸಿದ ಮೇಲೆ ನಿಶ್ಚಯವಾಗುತ್ತದೆಂದು ತರ್ಕಪ್ರಧಾನವಾದ ನ್ಯಾಯದರ್ಶನದ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಹೊರಗಿನ ಪರೀಕ್ಷೆ ಬೇಕೆಂದರೆ ಆ ಪರೀಕ್ಷೆಗೂ ಇನ್ನೊಂದು ಪರೀಕ್ಷೆ ಬೇಕಾಗಿ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಪಳಿ, ಬರುತ್ತದೆ, ಆದ್ದರಿಂದ ಬಾಧೆ ಬರುವವರೆಗೆ ಜ್ಞಾನ ಪ್ರಮಾಣವೇ ಎಂಬುದು ಮೀಮಾಂಸಕರ ನಿಲುವು. ಇದು ಆಲ್‌ಸ್ಟನ್ ಅವರ ನಿಲುವಿನ ಅಣ್ಣನಂತಿದೆ. ಶಬರಸ್ವಾಮಿಯ ಭಾಷ್ಯವೂ ಏಳನೆಯ ಶತಮಾನದ ಆಸುಪಾಸಿನ ಕುಮಾರಿಲಭಟ್ಟನೂ ಜ್ಞಾನವನ್ನು ತಳ್ಳಿಹಾಕಲು ಎರಡೇ ಮಾರ್ಗ ಹೇಳುತ್ತಾರೆ: ‘ಅದು ಹಾಗಲ್ಲ’ ಎಂಬ ವಿರುದ್ಧ ಜ್ಞಾನ ಬರುವುದು, ಅಥವಾ ಜ್ಞಾನ ಹುಟ್ಟಿಸಿದ ಕರಣದಲ್ಲಿ (ಕಣ್ಣಿನಂಥ ಸಾಧನದಲ್ಲಿ) ದೋಷವಿದೆಯೆಂದು ತಿಳಿಯುವುದು. ಬಾಧಕಗಳು ಎರಡು ಬಗೆ, ನಂಬಿದ್ದು ಸುಳ್ಳೆಂದು ತೋರಿಸುವವು ಮತ್ತು ನಂಬಿಕೆಯ ಆಧಾರವನ್ನು ಸಡಿಲಿಸುವವು ಎಂದು ಆಲ್‌ಸ್ಟನ್ ಮಾಡುವ ವಿಭಾಗವನ್ನು ಇದರ ಪಕ್ಕದಲ್ಲಿಟ್ಟರೆ ಹೊಂದಿಕೆ ಎದ್ದು ಕಾಣುತ್ತದೆ.

ಆದರೆ ಕಥೆ ತಿರುಗುವುದು ಇಲ್ಲಿಯೇ. ಆಲ್‌ಸ್ಟನ್ ಅವರ ಚೌಕಟ್ಟನ್ನು ಹೋಲುವ ಚೌಕಟ್ಟನ್ನು ಕಟ್ಟಿದ ಅದೇ ಕುಮಾರಿಲ, ಅತೀಂದ್ರಿಯವಾದದ್ದನ್ನು ಯೋಗಿಗಳು ಕಾಣುತ್ತಾರೆಂಬುದನ್ನು ಸುತರಾಂ ಒಪ್ಪುವುದಿಲ್ಲ. ಪ್ರತ್ಯಕ್ಷವೆಂದ ಮೇಲೆ ಅದು ಎದುರಿಗಿರುವ ವಸ್ತುವಿನೊಡನೆ ಇಂದ್ರಿಯ ಕೂಡಿದಾಗ ಹುಟ್ಟುವುದು. ಯೋಗಿಯದಾದರೂ ಆ ಮಿತಿಯನ್ನು ದಾಟಲಾರದು. ದಾಟಿದೆಯೆಂದರೆ ಅದನ್ನು ಕಲ್ಪನೆಯಿಂದ ಬೇರ್ಪಡಿಸುವ ಗುರುತು ಇಲ್ಲ. ಒಬ್ಬನು ಸರ್ವಜ್ಞನೆಂದು ತಿಳಿಯಲು ತಿಳಿಯುವವನೂ ಸರ್ವಜ್ಞನಾಗಿರಬೇಕಲ್ಲ ಎಂಬ ಅವನ ಕೊಂಕು ಇವತ್ತಿಗೂ ಮೊಂಡಾಗಿಲ್ಲ. ಇತ್ತ ಪ್ರಮಾಣಕ್ಕೆ ಹೊರಗಿನ ಪರೀಕ್ಷೆ ಕೇಳುವ ನೈಯಾಯಿಕರು ಯೋಗಜ ಪ್ರತ್ಯಕ್ಷವನ್ನು, ಅಂದರೆ ಯೋಗಸಾಧನೆಯಿಂದ ಹುಟ್ಟುವ ಕಾಣ್ಕೆಯನ್ನು, ಅಲೌಕಿಕ ಪ್ರತ್ಯಕ್ಷದ ಒಂದು ಬಗೆಯಾಗಿ ಒಪ್ಪುತ್ತಾರೆ. ಅಂದರೆ ಜ್ಞಾನದ ಬಗ್ಗೆ ಉದಾರವಾದ ನಿಲುವು ತಾಳಿದವರು ಅನುಭಾವಿಗಳ ವಿಷಯದಲ್ಲಿ ಉದಾರವಾಗಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಬಾಧೆ ಬರುವವರೆಗೆ ನಂಬು, ದೇವರ ಅನುಭವಕ್ಕೂ ಅದನ್ನೇ ಅನ್ವಯಿಸು ಎಂಬ ಆಲ್‌ಸ್ಟನ್ ಅವರ ವಾದದ ಎರಡು ಹೆಜ್ಜೆಗಳು ಒಂದಕ್ಕೊಂದು ಅಂಟಿಕೊಂಡೇ ಬರುವುದಿಲ್ಲವೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನನಗೆ ತಿಳಿದಿಲ್ಲ.

ಮಧ್ವಮತದವರು ಕೇಳುವುದು ಇನ್ನೊಂದು. ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವ, ದೋಷವಿಲ್ಲದ ಸಾಕ್ಷಿ ನಮ್ಮೊಳಗಿದೆಯೆಂದು ಅವರು ಹೇಳುವುದರಿಂದ ಪರೀಕ್ಷೆಯ ಸರಪಳಿ ಅಲ್ಲಿ ನಿಲ್ಲುತ್ತದೆ. ಆಲ್‌ಸ್ಟನ್ ಅವರಲ್ಲಿ ಅಂಥ ನಿಲ್ದಾಣವಿಲ್ಲ. ತಪ್ಪಾಗುವ ಸಾಧ್ಯತೆಯೊಂದಿಗೇ ಅವರು ಬದುಕುತ್ತಾರೆ.

ಧರ್ಮ ಧರ್ಮಗಳ ಅನುಭವಗಳೇ ಒಂದಕ್ಕೊಂದು ವಿರುದ್ಧವಾಗಿದ್ದರೆ ಯಾವುದನ್ನು ನಂಬುವುದು?

ತಮ್ಮ ನಿಲುವಿಗೆ ಅತ್ಯಂತ ಕಷ್ಟದ ಸಮಸ್ಯೆ ಇದೆಂದು ಆಲ್‌ಸ್ಟನ್ ತಾವೇ ಒಪ್ಪಿಕೊಂಡು ಒಂದಿಡೀ ಅಧ್ಯಾಯವನ್ನು ಅದಕ್ಕೆ ಕೊಟ್ಟಿದ್ದಾರೆ. ಕ್ರೈಸ್ತನಿಗೆ ತೋರುವ ದೇವರು ವ್ಯಕ್ತಿಸ್ವರೂಪಿ; ಅದ್ವೈತಿಯ ಅನುಭವದಲ್ಲಿ ಕಾಣುವವನು, ಕಾಣಿಸಿಕೊಳ್ಳುವವನು ಎಂಬ ಭೇದವೇ ಕರಗುತ್ತದೆ; ಬೌದ್ಧನಿಗೆ ಈಶ್ವರನ ಗೊಡವೆಯೇ ಇಲ್ಲ. ಇವೆಲ್ಲ ಬೇರೂರಿದ ಪರಿಪಾಠಗಳೇ. ಎಲ್ಲವೂ ವಿಶ್ವಾಸಾರ್ಹವಾಗಿರಲು ಸಾಧ್ಯವಿಲ್ಲ.

ಅವರ ಉತ್ತರ ಒಂದು ಕಲ್ಪನೆಯ ಮೂಲಕ ಬರುತ್ತದೆ. ನಾವು ಲೋಕವನ್ನು ಬಿಡಿಬಿಡಿಯಾದ ಸ್ಥಿರ ವಸ್ತುಗಳಾಗಿ ಕಾಣುತ್ತೇವೆ. ಇದನ್ನೇ ಎಡೆಬಿಡದೆ ಹರಡಿಕೊಂಡ, ಅಲ್ಲಲ್ಲಿ ದಟ್ಟವಾದ ಒಂದೇ ದ್ರವ್ಯವಾಗಿ ಕಾಣುವ ಒಂದು ಸಮಾಜ, ಕ್ಷಣಿಕ ಘಟನೆಗಳ ಪ್ರವಾಹವಾಗಿ ಕಾಣುವ ಇನ್ನೊಂದು ಸಮಾಜ ಇದ್ದಿದ್ದರೆ, ಮತ್ತು ಮೂವರಲ್ಲಿ ಯಾರದು ಸರಿಯೆಂದು ನಿರ್ಣಯಿಸಲು ತಟಸ್ಥವಾದ ನೆಲೆ ಇಲ್ಲದಿದ್ದರೆ, ನಮ್ಮ ಕಣ್ಣನ್ನು ನಂಬುವುದನ್ನು ನಾವು ಬಿಡುತ್ತಿದ್ದೆವೇ? ಬಿಡುತ್ತಿರಲಿಲ್ಲ, ನಮ್ಮ ಬದುಕನ್ನು ನಡೆಸಿಕೊಡುತ್ತಿರುವ ಪರಿಪಾಠದಲ್ಲೇ ಉಳಿಯುತ್ತಿದ್ದೆವು. ಹಾಗೆಯೇ ಧಾರ್ಮಿಕನೂ ತನಗೆ ಫಲ ಕೊಡುತ್ತಿರುವ ಪರಿಪಾಠದಲ್ಲಿ ಉಳಿಯುವುದು ವಿವೇಕವೇ. ಬಹುತ್ವದಿಂದ ಅವನ ನಂಬಿಕೆಯ ಬಲ ಸ್ವಲ್ಪ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ತಟಸ್ಥ ನೆಲೆ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುವುದನ್ನು ಮಾತ್ರ ಅವನು ಬಿಡಬಾರದು. ಹಿಂದೂವೂ ಬೌದ್ಧನೂ ತಮ್ಮ ತಮ್ಮ ಕಡೆಯಿಂದ ಇದೇ ಮಾತನ್ನು ಹೇಳಬಹುದು.

ನನ್ನ ತಕರಾರು ಎರಡು. ಮೊದಲನೆಯದು, ಆ ಕಲ್ಪನೆಯ ಸಮಾಜಗಳು ಕಲ್ಪನೆಯಲ್ಲೇ ಇವೆ. ಇಂದ್ರಿಯಗಳ ವಿಷಯದಲ್ಲಿ ಮನುಷ್ಯರೆಲ್ಲ ಒಂದಾಗಿರುವುದೇ ಅವುಗಳ ಮೇಲಿನ ನಮ್ಮ ವಿಶ್ವಾಸದ ಒಂದು ಕಾರಣವಾಗಿರುವಾಗ, ಆ ಒಮ್ಮತ ಇಲ್ಲದಿದ್ದರೂ ವಿಶ್ವಾಸ ಹೀಗೆಯೇ ಇರುತ್ತಿತ್ತೆಂದು ಖಚಿತವಾಗಿ ಹೇಳುವುದು ಹೇಗೆ?

ಎರಡನೆಯದು ಈ ಊರಿನಲ್ಲಿ ಬದುಕುವವರಿಗೆ ಬೇಗ ಹೊಳೆಯುತ್ತದೆ. ಒಬ್ಬ ಮನುಷ್ಯ, ಒಂದು ಪರಿಪಾಠ ಎಂಬ ಲೆಕ್ಕ ಆಲ್‌ಸ್ಟನ್ ಅವರದು. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದುವರಿಯುತ್ತದೆ. ವಿವೇಕನಗರದ ಬಾಲಯೇಸುವಿನ ಚರ್ಚಿನಲ್ಲಿ ಗುರುವಾರ ಮೊಂಬತ್ತಿ ಹಚ್ಚುವವರಲ್ಲಿ ಶನಿವಾರ ಹನುಮಂತನ ಗುಡಿಗೆ ಹೋಗುವವರೂ ಇದ್ದಾರೆ. ಇವರು ‘ತಮ್ಮ ಪರಿಪಾಠದಲ್ಲಿ ಉಳಿಯಬೇಕು’ ಎಂದರೆ ಯಾವುದರಲ್ಲಿ? ಇದನ್ನು ಸೌಹಾರ್ದದ ಭಾಷಣವಾಗಿಸಲು ಹೇಳುತ್ತಿಲ್ಲ. ಗೌರವ ಸಲ್ಲಿಸುವುದು ಬೇರೆ, ನಂಬಿಕೆ ಹಂಚಿಕೊಳ್ಳುವುದು ಬೇರೆ. ಅಲ್ಲದೆ ಬಿಕ್ಕಟ್ಟು ಧರ್ಮ ಧರ್ಮಗಳ ನಡುವೆ ಮಾತ್ರ ಇಲ್ಲ. ಬಸವನಗುಡಿಯ ಒಂದೇ ಬೀದಿಯಲ್ಲಿ ಒಂದೇ ಉಪನಿಷತ್ತನ್ನು ಮುಂದಿಟ್ಟುಕೊಂಡು ಒಬ್ಬರು ಜೀವ ಬ್ರಹ್ಮಗಳು ಒಂದೇ ಎಂದೂ ಮತ್ತೊಬ್ಬರು ಎಂದೆಂದಿಗೂ ಬೇರೆ ಎಂದೂ ಹೇಳುತ್ತಾರೆ, ಮತ್ತು ಇಬ್ಬರೂ ಅನುಭವವನ್ನು ಸಾಕ್ಷಿಗೆ ಕರೆಯುತ್ತಾರೆ. ಇದನ್ನು ಒಂದು ಪರಿಪಾಠವೆಂದು ಎಣಿಸಿದರೆ ಒಳವಿರೋಧದಿಂದ ಅದು ಕುಸಿಯಬೇಕು. ಎರಡೆಂದು ಎಣಿಸಿದರೆ ಗೆರೆ ಎಳೆಯುವುದನ್ನು ಎಲ್ಲಿ ನಿಲ್ಲಿಸುವುದೆಂದು ತಿಳಿಯುವುದಿಲ್ಲ. ಕ್ರೈಸ್ತ ಅನುಭವದ ಪರಿಪಾಠವನ್ನು ಒಂದೇ ಎಂದು ಎಣಿಸುವಾಗ ಆಲ್‌ಸ್ಟನ್ ಈ ತೊಡಕನ್ನು ಹಗುರವಾಗಿ ದಾಟಿದ್ದಾರೆಂದು ನನಗನ್ನಿಸುತ್ತದೆ.

ತತ್ತ್ವಶಾಸ್ತ್ರಜ್ಞರಾದ ವಿಲಿಯಂ ಜೇಮ್ಸ್, ಸ್ವಿನ್‌ಬರ್ನ್, ಪ್ಲಾಂಟಿಂಗ ಇವರಿಗಿಂತ ಆಲ್‌ಸ್ಟನ್ ಹೇಗೆ ಭಿನ್ನ?

ಎಡಿನ್‌ಬರೋದಲ್ಲಿ ಕೊಟ್ಟು 1902ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಜೇಮ್ಸ್ ಅನುಭವಗಳ ಬಗೆಗಳನ್ನೂ ಮನಸ್ಸಿನ ಮೇಲೆ ಅವುಗಳ ಪರಿಣಾಮವನ್ನೂ ವಿವರಿಸುತ್ತಾರೆ. ಸಮರ್ಥನೆಯ ಪ್ರಶ್ನೆಯನ್ನು ಆಲ್‌ಸ್ಟನ್ ಅವರಷ್ಟು ದೂರ ಒಯ್ಯುವುದಿಲ್ಲ. ಸ್ವಿನ್‌ಬರ್ನ್, ತೋರಿದ್ದು ಹಾಗೆಯೇ ಇರುವ ಸಂಭವ ಹೆಚ್ಚೆಂಬ ತತ್ತ್ವದಿಂದ ಹೊರಟು ಅನುಭವವನ್ನು ದೇವರ ಅಸ್ತಿತ್ವದ ಪುರಾವೆಗಳ ರಾಶಿಗೆ ಸೇರಿಸುತ್ತಾರೆ. ಪ್ಲಾಂಟಿಂಗ ಅವರಿಗೆ ದೇವರ ಮೇಲಿನ ನಂಬಿಕೆ ಬೇರೊಂದರ ಆಧಾರ ಬೇಡದ ಮೂಲಭೂತ ನಂಬಿಕೆಯಾಗಬಲ್ಲದು, ಅದು ಪ್ರತ್ಯಕ್ಷವೇ ಆಗಬೇಕೆಂದಿಲ್ಲ. ಸಮಾಜ, ರೂಢಿ, ಕಲಿಕೆ, ಪರೀಕ್ಷೆ ಇವುಗಳಿಗೆ ಈ ನಾಲ್ವರಲ್ಲಿ ಹೆಚ್ಚು ಜಾಗ ಕೊಟ್ಟವರು ಆಲ್‌ಸ್ಟನ್.

ಆಲ್‌ಸ್ಟನ್ ಆಮೇಲೆ ತಮ್ಮ ನಿಲುವನ್ನು ಬದಲಿಸಿದರೇ?

ಭಾಗಶಃ. 2005ರಲ್ಲಿ ಬಂದ ಪುಸ್ತಕದಲ್ಲಿ, ‘ಸಮರ್ಥನೆ’ ಎಂದು ತತ್ತ್ವಶಾಸ್ತ್ರಜ್ಞರು ಹುಡುಕುತ್ತಿರುವ ಒಂದೇ ಒಂದು ಗುಣ ಇಲ್ಲವೆಂದೂ, ನಂಬಿಕೆಯಲ್ಲಿ ನಾವು ಬಯಸುವ ಒಳ್ಳೆಯ ಗುಣಗಳು ಹಲವಿವೆಯೆಂದೂ ವಾದಿಸಿದರು. 1991ರ ಗ್ರಂಥವನ್ನು ಇದರ ಬೆಳಕಿನಲ್ಲಿ ಓದಿದರೆ, ‘ನಂಬಿಕೆ ಸಮರ್ಥನೀಯವೇ’ ಎಂಬ ಒಂಟಿ ಪ್ರಶ್ನೆ ಒಡೆದು, ಆಧಾರವಿದೆಯೇ, ನಿಜವಾಗುವ ಸಂಭವವಿದೆಯೇ, ನಂಬುವವನಿಗೆ ಆ ಆಧಾರ ಗೊತ್ತಿದೆಯೇ ಎಂಬ ಬೇರೆ ಬೇರೆ ಪ್ರಶ್ನೆಗಳಾಗುತ್ತವೆ.

ನನಗೆ ಅಂಥ ಅನುಭವವೇ ಆಗಿಲ್ಲ. ಈ ವಾದದಿಂದ ನನಗೇನು?

ನೇರವಾಗಿ ಹೆಚ್ಚೇನಿಲ್ಲ. ಅನುಭವವಾದವರ ಸಾಕ್ಷ್ಯ, ಪರಂಪರೆ, ಧರ್ಮಗ್ರಂಥ, ತರ್ಕ ಇವೆಲ್ಲ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತ ಒಟ್ಟಾಗಿ ನಂಬಿಕೆಯನ್ನು ಹೊರುತ್ತವೆಂದು ಕೊನೆಯ ಅಧ್ಯಾಯದಲ್ಲಿ ಆಲ್‌ಸ್ಟನ್ ಹೇಳುತ್ತಾರೆ. ಅನುಭವವಿಲ್ಲದೆ ನಂಬದಿರುವವನನ್ನು ಅವಿವೇಕಿಯೆಂದು ಹೇಳಲು ಅವರ ವಾದದಲ್ಲಿ ಎಡೆಯಿಲ್ಲ.

ಓದಲು ಎಲ್ಲಿಂದ ಶುರು ಮಾಡುವುದು?

ಎಂಟು ಅಧ್ಯಾಯಗಳಲ್ಲಿ ಮೊದಲನೆಯದನ್ನೂ ನಾಲ್ಕನೆಯದನ್ನೂ ನಿಧಾನವಾಗಿ ಓದಿ, ಆಮೇಲೆ ಏಳನೆಯದಕ್ಕೆ ಹೋಗಬಹುದು. ಇಂದ್ರಿಯಗಳ ವಿಶ್ವಾಸಾರ್ಹತೆಯನ್ನು ಚರ್ಚಿಸುವ ಮೂರನೆಯ ಅಧ್ಯಾಯ ಒಣಗಿದ ಕಬ್ಬಿಣದ ಕಡಲೆ; ಮೊದಲ ಓದಿನಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ. ಏಳನೆಯದನ್ನು ಬಿಟ್ಟು ಬಂದವರೊಂದಿಗೆ ಮಾತ್ರ ಕೂಟದಲ್ಲಿ ವಾದಕ್ಕೆ ಕೂರುವುದು ಕಷ್ಟ.